ತೆಶುವಾ: ಕಡಿದ ಹಗ್ಗಕ್ಕೆ ಗಂಟು ಹಾಕುವುದು ಹೇಗೆ?

ಯೆಹೂದಿ ಅನುಭಾವದ ಬಗ್ಗೆ ಏನೇ ಬರೆದರೂ ಓದುಗರಿಂದ ಅವೇ ಮೂರು ಪ್ರಶ್ನೆ ಬರುತ್ತವೆ. ತೆಶುವಾ ಅಂದರೆ ನಮ್ಮ ಪ್ರಾಯಶ್ಚಿತ್ತದ ಥರವಾ? ಅದಕ್ಕೆ ಎಷ್ಟು ಉಪವಾಸ ಮಾಡಬೇಕು? ತಪ್ಪು ಮಾಡಿದವರ ಆತ್ಮಕ್ಕೂ ದೇವರಿಗೂ ನಂಟು ಕಡಿದೇ ಹೋಗುತ್ತದಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಇದು ಯೆಹೂದಿಗಳು ತಮಗಾಗಿ ಕಟ್ಟಿಕೊಂಡ ದಾರಿ. ಬೇರೆಯವರನ್ನು ತಮ್ಮ ಮತಕ್ಕೆ ಕರೆಯುವ ರೂಢಿ ಅವರಲ್ಲಿಲ್ಲ. ಹಂತಗಳನ್ನು 'ನಿಲ್ಲಿಸಿ', 'ಹೋಗಿ' ಅಂತ ಬರೆದಿದ್ದೇನೆ, ಯಾಕಂದರೆ ಅವರ ಪುಸ್ತಕಗಳೂ ಓದುಗರ ಜೊತೆ ಹಾಗೇ ನೇರವಾಗಿ ಮಾತಾಡುತ್ತವೆ. ನೀವು ಹೊರಗೆ ನಿಂತು ಓದಿದರೂ ಸರಿ, ಒಂದೆರಡನ್ನು ಮಾಡಿ ನೋಡಿದರೂ ಸರಿ.

ಶುರು ಮಾಡುವ ಮುಂಚೆ

ತೆಶುವಾ ಹೀಬ್ರೂ ಪದ. 'ಶೂವ್' ಅನ್ನುವ ಮೂಲದಿಂದ ಬಂದದ್ದು. ಅದರ ಅರ್ಥ ಮರಳುವುದು, ವಾಪಸ್ ಬರುವುದು. ಮಾಡಿದ್ದಕ್ಕೆ ಮರುಗುವುದಕ್ಕೆ ಹೀಬ್ರೂನಲ್ಲಿ 'ಖರಾತಾ' ಅಂತ ಬೇರೆ ಪದವೇ ಇದೆ. ಅದು ತೆಶುವಾದ ಒಂದು ಭಾಗ ಅಷ್ಟೆ. ನಮ್ಮಲ್ಲಿ ಪ್ರಾಯಶ್ಚಿತ್ತ ಅಂದ ಕೂಡಲೇ ದಂಡ, ವ್ರತ, ದಾನ ಕಣ್ಣ ಮುಂದೆ ಬರುತ್ತವೆ. ಅದಕ್ಕೇ ನಾನು ಆ ಪದವನ್ನು ಬಳಸುವುದಿಲ್ಲ. ಊರು ಬಿಟ್ಟವರು ಊರಿಗೆ ಮರಳುತ್ತಾರಲ್ಲ, ಆ 'ಮರಳು' ಇದಕ್ಕೆ ತೀರಾ ಹತ್ತಿರ.

ಒಂದು ಗೊಂದಲ ಬೇಡ. ಹೀಬ್ರೂನಲ್ಲಿ ತೆಶುವಾ ಅಂದರೆ 'ಉತ್ತರ' ಅಂತಲೂ ಆಗುತ್ತದೆ. ಆಚಾರದ ಪ್ರಶ್ನೆಗಳಿಗೆ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಬರೆದ ಉತ್ತರಗಳ ಸಂಪುಟಗಳಿಗೂ ಇದೇ ಹೆಸರು. ಹುಡುಕುವಾಗ ಅವು ಸಿಕ್ಕರೆ ಬೇರೆ ದಾರಿಗೆ ಹೋಗಿಬಿಡಬೇಡಿ. ಇನ್ನು 'ಬಾಲ್ ತೆಶುವಾ' ಅಂದರೆ ಮರಳಿದವನು. ಈಗಿನ ಮಾತಿನಲ್ಲಿ, ಆಚರಣೆ ಇಲ್ಲದ ಮನೆಯಿಂದ ಬಂದು ಆಚರಣೆಗೆ ತೊಡಗಿದವರನ್ನೂ ಹಾಗೆ ಕರೆಯುತ್ತಾರೆ.

ಮೂರು ಆಕರಗಳ ಪರಿಚಯ ಇದ್ದರೆ ಮುಂದಿನದು ಸುಲಭ. ಮೊದಲನೆಯದು ರಾಂಬಾಮ್, ಅಂದರೆ ಮೈಮೊನಿದೀಸ್. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ವೈದ್ಯ, ಪಂಡಿತ. ತೆಶುವಾದ ನಿಯಮಗಳನ್ನು 10 ಅಧ್ಯಾಯಗಳಲ್ಲಿ ಕಟ್ಟುನಿಟ್ಟಾಗಿ ಬರೆದಿಟ್ಟವರು. ಅನುಭಾವದ ಗೋಜಿಗೆ ಹೋದವರಲ್ಲ. ಎರಡನೆಯದು ಜೋಹರ್. 13ನೇ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಬೆಳಕಿಗೆ ಬಂತು. ಕಬ್ಬಾಲಾ ಅನ್ನುವ ಅನುಭಾವ ಪರಂಪರೆಗೆ ಅದೇ ತಾಯಿಬೇರು. ಮೂರನೆಯದು ತಾನ್ಯಾ, ಮೊದಲು ಅಚ್ಚಾದದ್ದು 1796ರಲ್ಲಿ. ಬರೆದವರು ರಬ್ಬಿ ಶ್ನೆಯೊರ್ ಜಲ್ಮಾನ್ (1745–1812). ಮುಂಬೈನ ಚಬಾದ್ ಹೌಸ್ ಹೆಸರು ನೀವು ಕೇಳಿರುತ್ತೀರಿ. ಆ ಪಂಥವನ್ನು ಶುರು ಮಾಡಿದವರು ಇವರೇ. ತಾನ್ಯಾದ ಮೂರನೇ ಭಾಗದ ಹೆಸರು 'ಇಗ್ಗೆರೆತ್ ಹತೆಶುವಾ', ತೆಶುವಾದ ಓಲೆ. ಬರೀ 12 ಸಣ್ಣ ಅಧ್ಯಾಯ. ಈ ಲೇಖನದ ಬೆನ್ನೆಲುಬು ಅದೇ.

ಉಸಿರು ಮತ್ತು ಹಗ್ಗ

ಹಂತಗಳಿಗೆ ಹಾರುವ ಮುಂಚೆ ಇಲ್ಲಿ ಸ್ವಲ್ಪ ನಿಲ್ಲಿ. ಇದು ಮನಸ್ಸಿಗೆ ಕೂರದಿದ್ದರೆ ಮುಂದಿನದೆಲ್ಲ ಬರೀ ನಿಯಮದ ಪಟ್ಟಿ ಅನ್ನಿಸುತ್ತದೆ.

ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಮೊದಲ ಪುಟಗಳಲ್ಲಿ ಲೋಕ ಹುಟ್ಟುವುದು ಮಾತಿನಿಂದ. 'ಬೆಳಕಾಗಲಿ' ಅಂದರೆ ಬೆಳಕಾಗುತ್ತದೆ. ಆದರೆ ಮನುಷ್ಯನ ವಿಷಯಕ್ಕೆ ಬಂದಾಗ ದೇವರು ಅವನ ಮೂಗಿನಲ್ಲಿ ಉಸಿರು ಊದುತ್ತಾನೆ. ಅನುಭಾವಿಗಳು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದರು. ಸುಮ್ನೆ ಮಾತಾಡುತ್ತಾ ಕೂತರೆ ಗಂಟೆಗಟ್ಟಲೆ ಆಡಬಹುದು. ಊದುಗೊಳವೆ ಹಿಡಿದು ಒಲೆ ಊದಿ ನೋಡಿ, ನಾಲ್ಕು ಸಲಕ್ಕೇ ಏದುಸಿರು ಬರುತ್ತದೆ. ಊದುವವನು ತನ್ನ ಒಳಗಿನದನ್ನೇ ಊದುತ್ತಾನೆ ಅನ್ನುವುದು ಅವರ ಮಾತು. ಅಂದರೆ ಆತ್ಮ ದೇವರು ಮಾಡಿಟ್ಟ ಒಂದು ವಸ್ತು ಆಗಿರದೆ ಅವನ ಒಳಗಿನಿಂದಲೇ ಬಂದದ್ದು. ತಾನ್ಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆತ್ಮ ಮೇಲಿನ ದೇವರ ಒಂದು ಭಾಗ, 'ಮಮಾಶ್' ಅನ್ನುತ್ತದೆ. ಮಮಾಶ್ ಅಂದರೆ ನಿಜವಾಗಿ, ಅಕ್ಷರಶಃ. ತಾನ್ಯಾ ಇದನ್ನು ಹೇಳುವುದು ಯೆಹೂದಿಯ ಆತ್ಮದ ಬಗ್ಗೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಊದುಗೊಳವೆಯಲ್ಲಿ ಬೂದಿ ಕಟ್ಟಿಕೊಂಡರೆ? ಊದುವವರು ಊದುತ್ತಲೇ ಇರುತ್ತಾರೆ, ಉಸಿರು ಮಾತ್ರ ಕೆಂಡಕ್ಕೆ ಮುಟ್ಟುವುದಿಲ್ಲ. ಪಾಪ ಅಂದರೆ ಆ ಅಡ್ಡ. ಓಲೆ ಹೇಳುವುದೂ ಇದನ್ನೇ: ನಡುವೆ ಏನಾದರೂ ಅಡ್ಡ ಬಂದರೆ ಊದಿದ ಉಸಿರು ಆ ಕಡೆ ತಲುಪುವುದಿಲ್ಲ. ಬೂದಿ, ಊದುಗೊಳವೆ ಎಲ್ಲ ನನ್ನ ಸೇರ್ಪಡೆ.

ಎರಡನೇ ಚಿತ್ರ ಹಗ್ಗದ್ದು. ತೋರಾದಲ್ಲಿ ಯೆಹೂದಿಗಳ ಮೂಲಪುರುಷ ಯಾಕೋಬನನ್ನು ದೇವರ ಪಾಲಿನ 'ಖೆವೆಲ್' ಅಂದಿದೆ. ಆ ಪದಕ್ಕೆ ಪಾಲು ಅಂತಲೂ ಅರ್ಥ, ಹಗ್ಗ ಅಂತಲೂ ಅರ್ಥ. ಓಲೆ ಹಗ್ಗವನ್ನೇ ಹಿಡಿಯಿತು. ಒಂದು ತುದಿ ಮೇಲೆ ಕಟ್ಟಿದೆ, ಇನ್ನೊಂದು ಕೆಳಗೆ ನಮ್ಮ ಕೈಯಲ್ಲಿದೆ. ಅದನ್ನು ಹೊಸೆದಿರುವುದು 613 ಎಳೆಗಳಿಂದ. ತೋರಾದ ಆಜ್ಞೆಗಳ ಲೆಕ್ಕವೂ 613: ಮಾಡು ಅನ್ನುವುದು 248, ಮಾಡಬೇಡ ಅನ್ನುವುದು 365. ಒಂದು ಆಜ್ಞೆ ಮೀರಿದರೆ ಒಂದು ಎಳೆ ಕಡಿಯುತ್ತದೆ. 'ಖಾರೆತ್' ಅನ್ನುವ ಘೋರ ಪಾಪಗಳಿವೆ, ಮಿಶ್ನಾ ಅನ್ನುವ ಹಳೆಯ ಸಂಗ್ರಹ ಅಂಥ 36 ಪಟ್ಟಿ ಮಾಡಿದೆ. ಅವಕ್ಕೆ ಹಗ್ಗವೇ ತುಂಡಾಗುತ್ತದೆ.

ಹಗ್ಗದ ಕೆಳಗಿನ ತುದಿ ಎಳೆದಾಡಿದರೆ ಮೇಲಿನ ತುದಿಯೂ ಅಲುಗುತ್ತದೆ ಅಲ್ವಾ? ಕಬ್ಬಾಲಾದ ಎದೆ ಇರುವುದು ಇಲ್ಲಿ. ಕೊಳಕಿಗೆ ಬಿದ್ದವನು ತಾನೊಬ್ಬನೇ ಬೀಳುವುದಿಲ್ಲ, ತನಗೆ ಕಟ್ಟಿಕೊಂಡ ದೈವವನ್ನೂ ಎಳೆದುಕೊಂಡು ಬೀಳುತ್ತಾನೆ. ಲೋಕದೊಳಗೆ ನೆಲೆಸಿದ ದೈವದ ಇರವನ್ನು ಅವರು 'ಶೆಖಿನಾ' ಅನ್ನುತ್ತಾರೆ, ಹೆಣ್ಣಾಗಿ ಕಾಣುತ್ತಾರೆ. ಮನುಷ್ಯನ ತಪ್ಪಿನಿಂದ ಶೆಖಿನಾ ಗಡೀಪಾರಾಗುತ್ತಾಳೆ. ಓಲೆಯಲ್ಲಿ ಇದಕ್ಕೊಂದು ಒರಟು ಹೋಲಿಕೆ ಇದೆ: ರಾಜನ ತಲೆ ಹಿಡಿದು ಮುಖವನ್ನು ಕೊಳಚೆಗೆ ಒತ್ತಿದ ಹಾಗೆ. ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ.

'ಹಾಗಾದರೆ ಇದು ಅದ್ವೈತವೇ ಅಲ್ವಾ?' ಅಂತ ಕೇಳುವವರು ಜಾಸ್ತಿ. ಹತ್ತಿರ ಬರುತ್ತದೆ, ಒಂದೇ ಅನ್ನಲಾಗದು. ಇಲ್ಲಿ ಹಗ್ಗಕ್ಕೆ ಎರಡು ತುದಿ ಇವೆ, ಆಜ್ಞೆ ಕೊಟ್ಟವನು ಒಬ್ಬ, ಕೇಳಬೇಕಾದವನು ಇನ್ನೊಬ್ಬ. ಆ ಹೋಲಿಕೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಓದಿದರೆ ನಿಮಗೇ ಲಾಭ.

ಹಂತ 1: ಮೊದಲು ನಿಲ್ಲಿಸಿ

ಓಲೆಯ ಮೊದಲ ಅಧ್ಯಾಯ ಹೇಳುವುದು ಇಷ್ಟೆ: ತೆಶುವಾ ಅಂದರೆ ತಪ್ಪನ್ನು ಬಿಡುವುದು, ಇನ್ನು ಮುಂದೆ ಮಾಡುವುದಿಲ್ಲ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳುವುದು. ಅಳು, ಉಪವಾಸ, ಗೋಣಿತಟ್ಟು, ಬೂದಿ ಇವು ಯಾವುವೂ ಅದರ ಅಳತೆ ಅಲ್ಲ.

ಇದಕ್ಕೆ ಮಿಶ್ನಾದಲ್ಲೇ ಆಧಾರ ಇದೆ. ಯೋನನ ಕಥೆ ನಿಮಗೆ ಗೊತ್ತಿರಬಹುದು. ಯೆಹೂದಿಗಳಲ್ಲದ ನಿನೆವೆ ಊರಿನ ಜನ ಉಪವಾಸ ಮಾಡುತ್ತಾರೆ, ಗೋಣಿತಟ್ಟು ಉಡುತ್ತಾರೆ. ದೇವರು ಅವರನ್ನು ಉಳಿಸುತ್ತಾನೆ. ಮಿಶ್ನಾ ಅದನ್ನು ಎತ್ತಿಕೊಂಡು ಹೇಳುತ್ತದೆ: ದೇವರು ಅವರ ಗೋಣಿತಟ್ಟನ್ನೋ ಉಪವಾಸವನ್ನೋ ಕಂಡ ಅಂತ ಅಲ್ಲಿ ಬರೆದಿಲ್ಲ, ಕೆಟ್ಟ ದಾರಿ ಬಿಟ್ಟು ತಿರುಗಿದ್ದನ್ನು ಕಂಡ ಅಂತ ಬರೆದಿದೆ. ವರ್ಷದ ಅತಿ ದೊಡ್ಡ ಉಪವಾಸದ ದಿನವಾದ ಯೋಮ್ ಕಿಪ್ಪುರ್ ಮಧ್ಯಾಹ್ನ ಓದುವುದು ಈ ಯೋನನ ಕಥೆಯನ್ನೇ. ಅಂದೇ ಇದನ್ನು ಓದಿಸುತ್ತಾರೆ ಅನ್ನುವುದು ನನಗೆ ತುಂಬಾ ಇಷ್ಟ.

ಎಡವುವ ಜಾಗ: ಬಿಡದೆಯೇ ಮುಂದಿನ ಹಂತಕ್ಕೆ ಹೋಗುವುದು. ರಾಂಬಾಮ್ ಇದಕ್ಕೆ ಮಿಶ್ನಾದ ಮೇಲಿನ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದ್‌ನ ಹೋಲಿಕೆ ಕೊಡುತ್ತಾರೆ: ಮೈಲಿಗೆ ತರುವ ಸತ್ತ ಹುಳಹುಪ್ಪಟೆಯನ್ನು ಕೈಯಲ್ಲೇ ಹಿಡಿದುಕೊಂಡು ಶುದ್ಧಿಯ ಕೊಳದಲ್ಲಿ ಮುಳುಗಿದ ಹಾಗೆ. ಜಗತ್ತಿನ ನೀರೆಲ್ಲ ಸುರಿದುಕೊಂಡರೂ ಮಡಿ ಇಲ್ಲ. ಮೊದಲು ಅದನ್ನು ಎಸೆಯಬೇಕು.

ಇನ್ನೊಂದು ಗುಂಡಿ: 'ಈಗ ಮಾಡಿಬಿಡೋಣ, ಆಮೇಲೆ ತೆಶುವಾ ಇದ್ದೇ ಇದೆ.' ಹಾಗಂದವನಿಗೆ ತೆಶುವಾ ಮಾಡುವ ಅವಕಾಶ ಕೂಡಿಬರುವುದಿಲ್ಲ ಅನ್ನುತ್ತದೆ ಮಿಶ್ನಾ.

ಈಗ ಉಪವಾಸದ ಪ್ರಶ್ನೆ. 16ನೇ ಶತಮಾನದಲ್ಲಿ ಗಲಿಲಿಯ ಸಫೇದ್ ಊರಿನಲ್ಲಿ ಬದುಕಿದ್ದ ಐಸಾಕ್ ಲೂರಿಯಾ (1534–1572) ಅವರ ಪರಂಪರೆಯಲ್ಲಿ ಒಂದೊಂದು ಪಾಪಕ್ಕೂ ಇಂತಿಷ್ಟು ಉಪವಾಸ ಅಂತ ಲೆಕ್ಕ ಇದೆ. ಕೋಪಕ್ಕೇ 151! ಜನ ಇದನ್ನು ಎಲ್ಲೋ ಓದಿ ಹೆದರುತ್ತಾರೆ. ಓಲೆಯ ಉತ್ತರ ಸ್ಪಷ್ಟ: ಅಂಥ ಉಪವಾಸ ಪಾಪ ಕಳೆದ ಮೇಲೆ ದೇವರಿಗೆ ಮೆಚ್ಚುಗೆಯಾಗಲಿ ಅಂತ ಕೊಡುವ ಕಾಣಿಕೆಯ ಹಾಗೆ. ಮೈಗೆ ಆಗದವರು ಅದನ್ನು ಮಾಡಲೇಬಾರದು, ಮಾಡಿದರೆ ಅದೇ ತಪ್ಪು. ಅದರ ಬದಲು ದಾನ ಕೊಡಲಿ. ಯೋಮ್ ಕಿಪ್ಪುರ್‌ನ ಸುಮಾರು 25 ಗಂಟೆಯ ಉಪವಾಸ ಕಡ್ಡಾಯವೇ. ಆದರೆ ಅಲ್ಲೂ ಜೀವಕ್ಕೆ ಅಪಾಯ ಅಂತಾದರೆ ಉಣ್ಣಲೇಬೇಕು.

ಹಂತ 2: ನೋಯಿಸಿದವರ ಮನೆಗೆ ಹೋಗಿ

ಜನ ತಪ್ಪಿಸಿಕೊಳ್ಳಲು ನೋಡುವುದು ಇದೊಂದನ್ನೇ. ದೇವರ ಮುಂದೆ ಅಳುವುದು ಸುಲಭ, ಪಕ್ಕದ ಮನೆಯವರ ಬಾಗಿಲು ತಟ್ಟುವುದು ಕಷ್ಟ.

ನಿಯಮದಲ್ಲಿ ಸಡಿಲವಿಲ್ಲ. ಮನುಷ್ಯರ ನಡುವಿನ ತಪ್ಪನ್ನು ಯೋಮ್ ಕಿಪ್ಪುರ್ ಕೂಡ ಕಳೆಯುವುದಿಲ್ಲ, ನೋವು ಉಂಡವರನ್ನು ಸಮಾಧಾನ ಮಾಡುವ ತನಕ. ದುಡ್ಡು ಕೊಡಬೇಕಿದ್ದರೆ ಮೊದಲು ಕೊಡಿ. ಬರೀ ದುಡ್ಡು ಕೊಟ್ಟರೂ ಸಾಲದು, ಕ್ಷಮೆಯನ್ನೂ ಕೇಳಬೇಕು. ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಿ ಕೇಳಿ. ಹೀಗೆ ಮೂರು ಸಲ. ಆಮೇಲೂ ಒಪ್ಪದಿದ್ದರೆ ಬಿಟ್ಟುಬಿಡಿ, ಆ ಹೊರೆ ಈಗ ಅವರದು. ನೊಂದವರು ನಿಮ್ಮ ಗುರು ಆಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ತೀರಿಕೊಂಡಿದ್ದರೆ ಹತ್ತು ಜನರ ಜೊತೆ ಸಮಾಧಿಗೆ ಹೋಗಿ ಅಲ್ಲಿ ತಪ್ಪೊಪ್ಪಿಕೊಳ್ಳಬೇಕು.

ಕ್ಷಮಿಸಬೇಕಾದವರಿಗೂ ಬುದ್ಧಿಮಾತಿದೆ. ಮನಸಾರೆ ಕೇಳಿದಾಗಲೂ ಕೊಡದವನನ್ನು ರಾಂಬಾಮ್ ಕ್ರೂರಿಗಳ ಸಾಲಿಗೆ ಸೇರಿಸುತ್ತಾರೆ. ಮರಳಿ ಬಂದವನಿಗೆ 'ನೀನು ಮೊದಲು ಹೇಗಿದ್ದೆ, ನೆನಪಿದೆಯಾ' ಅಂತ ಚುಚ್ಚುವುದನ್ನು ಮಿಶ್ನಾ ನಿಷೇಧಿಸುತ್ತದೆ.

ಮಿಶ್ನಾದಲ್ಲಿ ನನ್ನ ಮೆಚ್ಚಿನ ಕಾನೂನು ಒಂದು ತೊಲೆಯದು. ಒಬ್ಬ ತೊಲೆ ಕದ್ದು ಅದರಿಂದ ಮನೆ ಕಟ್ಟಿಬಿಟ್ಟಿದ್ದಾನೆ. ಈಗ ಅವನಿಗೆ ತಪ್ಪಿನ ಅರಿವಾಗಿದೆ. ಕದ್ದದ್ದನ್ನೇ ವಾಪಸ್ ಕೊಡಬೇಕು ಅಂದರೆ ಮನೆ ಕೆಡವಬೇಕು. ಹಾಗಂತ ಹಟ ಹಿಡಿದರೆ ಯಾವ ಕಳ್ಳನೂ ಮರಳುವುದಿಲ್ಲ. ಹಾಗಾಗಿ ತೊಲೆಯ ಬೆಲೆ ಕೊಟ್ಟರೆ ಸಾಕು ಅಂತ ತೀರ್ಮಾನ ಮಾಡಿದರು. ಮರಳುವವನ ದಾರಿಗೆ ಕಲ್ಲು ಹಾಕಬಾರದು ಅನ್ನುವುದನ್ನು ಕಾನೂನಿನಲ್ಲೇ ತಂದ ಬಗೆ ಇದು.

ಎಡವುವ ಜಾಗ: ಹಬ್ಬದ ಮುಂಚೆ ಎಲ್ಲರಿಗೂ ಒಂದೇ ಮೆಸೇಜ್ ಕಳಿಸುವುದು. 'ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ.' ಇದು ಯಾರ ಹತ್ತಿರವೂ ಏನೂ ಕೇಳಿದ ಹಾಗಲ್ಲ.

ಹಂತ 3: ಬಾಯಿಬಿಟ್ಟು ಹೇಳಿ

ಇದಕ್ಕೆ 'ವಿದುಯ್' ಅನ್ನುತ್ತಾರೆ, ತಪ್ಪೊಪ್ಪಿಗೆ. ಮನಸ್ಸಿನಲ್ಲಿ ಅಂದುಕೊಂಡರೆ ಆಗದು, ತುಟಿ ಅಲುಗಬೇಕು. ನಡುವೆ ಪುರೋಹಿತರಿಲ್ಲ. ದೇವರಿಗೆ ಮಾಡಿದ ತಪ್ಪನ್ನು ದೇವರಿಗೆ ಮಾತ್ರ, ತನ್ನ ಕಿವಿಗೆ ಕೇಳುವಷ್ಟು ಮೆಲ್ಲಗೆ ಹೇಳುವುದು. ಅದನ್ನು ಊರಿಗೆಲ್ಲ ಸಾರುವುದನ್ನು ರಾಂಬಾಮ್ ಒಪ್ಪುವುದಿಲ್ಲ.

ಪ್ರಾರ್ಥನೆಯಲ್ಲಿ ಓದುವ ವಿದುಯ್ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತದೆ: 'ಆಶಮ್ನು, ಬಗದ್ನು, ಗಜಲ್ನು...' ತಪ್ಪು ಮಾಡಿದೆವು, ದ್ರೋಹ ಮಾಡಿದೆವು, ಕದ್ದೆವು. ಪ್ರತಿ ಪದಕ್ಕೂ ಮುಷ್ಟಿಯಿಂದ ಎದೆಯನ್ನು ಮೆಲ್ಲಗೆ ಬಡಿದುಕೊಳ್ಳುತ್ತಾರೆ. ಎಲ್ಲವೂ 'ನಾವು' ಅಂತಲೇ ಇರುವುದನ್ನು ಗಮನಿಸಿ. ನಾನು ಕದಿಯದಿದ್ದರೂ ಕದ್ದವನ ಜೊತೆ ನಿಂತು ಹೇಳುತ್ತೇನೆ.

ಹೀಬ್ರೂ ಬರಬೇಕಾ? ಬೇಡ. ಬ್ರೆಸ್ಲವ್ ಊರಿನ ರಬ್ಬಿ ನಖ್‌ಮಾನ್ (1772–1810) ತಮ್ಮ ಶಿಷ್ಯರಿಗೆ ದಿನಾ ಒಬ್ಬರೇ ಕೂತು ಮನೆಮಾತಿನಲ್ಲೇ ದೇವರ ಹತ್ತಿರ ಹೇಳಿಕೊಳ್ಳಿ ಅಂದರು. ಅವರ ಮನೆಮಾತು ಯಿದ್ದಿಶ್. ಈ ಅಭ್ಯಾಸಕ್ಕೆ 'ಹಿತ್‌ಬೊದೆದೂತ್' ಅಂತ ಹೆಸರು.

ಹಂತ 4: ದುಃಖಕ್ಕೆ ಹೊತ್ತು ಗೊತ್ತು ಮಾಡಿ

ಇದು ಕೆಳಗಿನ ತೆಶುವಾ. 'ಕೆಳಗಿನ', 'ಮೇಲಿನ' ಅಂದರೆ ಏನು ಅಂತ ತಿಳಿಯಲು ದೇವರ ಹೆಸರಿನ ನಾಲ್ಕು ಅಕ್ಷರಗಳನ್ನು ನೋಡಬೇಕು: ಯೋದ್, ಹೇ, ವಾವ್, ಹೇ. ಯೆಹೂದಿಗಳು ಈ ಹೆಸರನ್ನು ಉಚ್ಚರಿಸುವುದಿಲ್ಲ, 'ಹಶೆಮ್' (ಆ ಹೆಸರು) ಅನ್ನುತ್ತಾರೆ. ಕಬ್ಬಾಲಾದಲ್ಲಿ ಇದನ್ನು ವಿವರಿಸಲು ದಾನದ ಚಿತ್ರ ಬಳಸುತ್ತಾರೆ. ಯೋದ್ ಚುಕ್ಕಿಯ ಹಾಗಿದೆ, ಅದು ನಾಣ್ಯ. ಹೇ ಅಕ್ಷರದ ಬೆಲೆ 5, ಅದು ಕೊಡುವವನ ಐದು ಬೆರಳು. ವಾವ್ ಉದ್ದ ಗೆರೆ, ಚಾಚಿದ ತೋಳು. ಕೊನೆಯ ಹೇ, ಪಡೆಯುವವನ ಐದು ಬೆರಳು. ಆ ಕೊನೆಯ ಹೇ ಅಕ್ಷರವೇ ಶೆಖಿನಾ. ತಪ್ಪು ಅದನ್ನು ತೋಳಿನಿಂದ ದೂರ ಮಾಡುತ್ತದೆ. ಜೋಹರ್ ತೆಶುವಾ ಪದವನ್ನೇ ಒಡೆದು 'ತಾಶೂವ್ ಹೇ' ಅಂತ ಓದುತ್ತದೆ, ಹೇ ಮರಳಲಿ. ಕೊನೆಯ ಹೇ ವಾವ್‌ಗೆ ಮರಳಿದರೆ ಕೆಳಗಿನ ತೆಶುವಾ. ಮೊದಲ ಹೇ ಯೋದ್‌ಗೆ ಮರಳಿದರೆ ಮೇಲಿನದು.

ಕೆಳಗಿನದನ್ನು ಮಾಡುವುದು ಎರಡು ಬಗೆಯಲ್ಲಿ. ಒಂದು, ತನ್ನ ಆತ್ಮದ ಮೇಲೆ ಕನಿಕರ ಪಡುವುದು: ಎಂಥ ಎತ್ತರದಿಂದ ಬಂದು ಎಲ್ಲಿ ಬಿದ್ದಿದೆ ಇದು! ಇನ್ನೊಂದು, ಒಳಗಿನ ಸೊಕ್ಕು ಮುರಿಯುವುದು. ಸಾಮರ್ಥ್ಯ ಇದ್ದವರು ನಡುರಾತ್ರಿ ಎದ್ದು ಶೆಖಿನಾಳ ಗಡೀಪಾರಿಗೆ ಅಳುತ್ತಾರೆ, ಅದು 'ತಿಕ್ಕುನ್ ಖತ್ಸೋತ್'. ಆಗದವರಿಗೆ ವಾರಕ್ಕೊಮ್ಮೆ, ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ನ ಮುಂಚೆ, ಸಾಕು ಅನ್ನುತ್ತದೆ ಓಲೆ.

ಜನ ಅತಿ ಹೆಚ್ಚು ಬೀಳುವ ಗುಂಡಿ ಇಲ್ಲೇ ಇದೆ. ತಾನ್ಯಾ ಎರಡು ಭಾವಗಳನ್ನು ಬೇರೆ ಮಾಡುತ್ತದೆ. 'ಮೆರಿರೂತ್' ಅಂದರೆ ಕಹಿ. ಅದು ಜೀವಂತ, ಅದರಲ್ಲಿ ಕುದಿತ ಇರುತ್ತದೆ, ಎದ್ದು ಏನಾದರೂ ಮಾಡಿಸುತ್ತದೆ. 'ಅತ್ಸ್‌ವೂತ್' ಅಂದರೆ ಮಂಕು. ಎದೆ ಕಲ್ಲಾಗುತ್ತದೆ, ಕೈಕಾಲು ಆಡುವುದಿಲ್ಲ. ಮೊದಲನೆಯದು ಬೇಕು, ಎರಡನೆಯದು ಬೇಡವೇ ಬೇಡ. ಇಬ್ಬರು ಕುಸ್ತಿ ಆಡುವಾಗ ಜೋಲುಮುಖ ಹಾಕಿದವನು ಬಲಶಾಲಿಯಾದರೂ ಸೋಲುತ್ತಾನೆ ಅನ್ನುತ್ತದೆ ತಾನ್ಯಾ. ಹಾಗಾಗಿ ಅಳುವುದಕ್ಕೆ ಗಂಟೆ ಗೊತ್ತು ಮಾಡಿ. ಕೆಲಸದ ನಡುವೆ ಹಳೆಯ ತಪ್ಪಿನ ಕೊರಗು ಬಂದರೆ 'ನಿನ್ನ ಹೊತ್ತಿಗೆ ಬಾ' ಅಂತ ಹೊರಗೆ ಕೂರಿಸಿ. ವಾರಗಟ್ಟಲೆ ಬಿಡದ ಮಂಕಿದ್ದರೆ ಅದು ತೆಶುವಾದ ಮಾತಲ್ಲ, ಡಾಕ್ಟರ ಹತ್ತಿರ ಹೋಗಬೇಕಾದ ಮಾತು. ಇದು ನನ್ನ ಸೇರ್ಪಡೆ.

ಹಂತ 5: ಗಂಟು ಹಾಕಿ

ಮೇಲಿನ ತೆಶುವಾದಲ್ಲಿ ಅಳು ಇಲ್ಲ. ತೋರಾ ಓದು, ಪ್ರಾರ್ಥನೆ, ದಾನ, ಇವುಗಳ ಮೂಲಕ ಹತ್ತಿರವಾಗುವುದು. ಇದಕ್ಕೆ ಹೊತ್ತು ಶಬ್ಬಾತ್. ಹೀಬ್ರೂನಲ್ಲಿ 'ಶಬ್ಬಾತ್' ಪದದ ಅಕ್ಷರಗಳನ್ನು ಅತ್ತಿತ್ತ ಮಾಡಿದರೆ 'ತಾಶೇವ್' ಆಗುತ್ತದೆ, ಮರಳಿಸು.

ಇಲ್ಲಿ ಮಾಡಬೇಕಾದ್ದು ಸರಳ: ಮೊದಲು ದಿನಕ್ಕೆ ಒಂದು ಪುಟ ಓದುತ್ತಿದ್ದರೆ ಈಗ ಎರಡು ಓದಿ. ಯಾಕೆ ಎರಡು? ಕಡಿದ ಹಗ್ಗವನ್ನು ಸೇರಿಸಿ ಗಂಟು ಹಾಕಿದಾಗ, ಆ ಗಂಟಿನ ಜಾಗದಲ್ಲಿ ಹಗ್ಗ ದುಪ್ಪಟ್ಟು ದಪ್ಪ ಇರುತ್ತದೆ. ಬಾವಿ ಹಗ್ಗಕ್ಕೆ ಗಂಟು ಹಾಕಿದವರಿಗೆ ಇದು ಗೊತ್ತು. ಮರಳಿದವರು ನಿಲ್ಲುವ ಜಾಗದಲ್ಲಿ ಎಂದೂ ತಪ್ಪದ ಸಜ್ಜನರೂ ನಿಲ್ಲಲಾರರು ಅಂತ ತಾಲ್ಮುದ್ ಹೇಳುವುದನ್ನು ನಾನು ಈ ಗಂಟಿನ ಮೂಲಕವೇ ಅರ್ಥ ಮಾಡಿಕೊಂಡೆ. ಇನ್ನೊಂದು ಕಡೆ ತಾಲ್ಮುದ್ ಹೇಳುತ್ತದೆ: ಹೆದರಿ ಮರಳಿದರೆ ಬೇಕಂತಲೇ ಮಾಡಿದ ಪಾಪ ಕೈತಪ್ಪಿ ಮಾಡಿದ್ದರ ಲೆಕ್ಕಕ್ಕೆ ಇಳಿಯುತ್ತದೆ, ಪ್ರೀತಿಯಿಂದ ಮರಳಿದರೆ ಅದೇ ಪಾಪ ಪುಣ್ಯವಾಗುತ್ತದೆ. ಕರ್ಮದ ಲೆಕ್ಕಕ್ಕೆ ಒಗ್ಗಿದ ನಮಗೆ ಇದನ್ನು ನುಂಗುವುದು ಸ್ವಲ್ಪ ಕಷ್ಟ.

ಪರೀಕ್ಷೆ? ರಾಂಬಾಮ್ ಕೊಟ್ಟಿದ್ದಾರೆ. ಅದೇ ಸಂದರ್ಭ, ಅದೇ ಅವಕಾಶ, ಮೈಯಲ್ಲಿ ಅದೇ ಶಕ್ತಿ ಇದ್ದೂ ಈ ಸಲ ಮಾಡಲಿಲ್ಲ ಅಂದರೆ ಪೂರ್ತಿ ತೆಶುವಾ. ಹಾಗಂತ ಪರೀಕ್ಷೆ ಮಾಡಿಕೊಳ್ಳಲು ನೀವೇ ಆ ಜಾಗಕ್ಕೆ ಹೋಗಬೇಡಿ.

ಹಂತ 6: ಸಿಕ್ಕಿದೆ ಅಂತ ನಂಬಿ

ಕೇಳಿಯಾದ ಮೇಲೆ 'ಕ್ಷಮೆ ಸಿಕ್ಕಿತೋ ಇಲ್ಲವೋ' ಅಂತ ಕೊರಗುವುದನ್ನು ಓಲೆ ಒಪ್ಪುವುದಿಲ್ಲ. ಅದರ ವಾದ ಚೆನ್ನಾಗಿದೆ. ವಾರದ ದಿನಗಳಲ್ಲಿ ದಿನಕ್ಕೆ ಮೂರು ಸಲ ನಿಂತು ಮಾಡುವ ಪ್ರಾರ್ಥನೆಯಲ್ಲಿ 'ನಮ್ಮನ್ನು ಕ್ಷಮಿಸು' ಅಂತ ಕೇಳಿ, ಕೂಡಲೇ 'ಮತ್ತೆ ಮತ್ತೆ ಕ್ಷಮಿಸುವವನೇ' ಅಂತ ಹೊಗಳುತ್ತಾರೆ. ಸಂಶಯ ಇದ್ದರೆ ಆ ಹೊಗಳಿಕೆ ಸುಳ್ಳಾಗುತ್ತಿತ್ತು. ಮನುಷ್ಯರಿಗೆ ಅದೇ ತಪ್ಪನ್ನು ಎರಡನೇ ಸಲ, ಮೂರನೇ ಸಲ ಕ್ಷಮಿಸುವುದು ಕಷ್ಟ. ದೇವರಿಗೆ ಒಂದು ಸಲಕ್ಕೂ ಸಾವಿರ ಸಲಕ್ಕೂ ವ್ಯತ್ಯಾಸ ಇಲ್ಲ. ಎದೆಯ ಒಂದು ಕಡೆ ಅಳು, ಇನ್ನೊಂದು ಕಡೆ ಸಂತೋಷ ಒಟ್ಟಿಗೇ ಇರಬಹುದು ಅನ್ನುವ ಜೋಹರ್ ಮಾತನ್ನು ಓಲೆ ಇಲ್ಲಿ ತರುತ್ತದೆ.

ಇದನ್ನೆಲ್ಲ ಯಾವಾಗ ಮಾಡಬೇಕು ಅಂತ ಕೇಳಿದರೆ, ಯಾವಾಗ ಬೇಕಾದರೂ. ಆದರೆ ಎಲೂಲ್ ತಿಂಗಳ ಆರಂಭದಿಂದ ಯೋಮ್ ಕಿಪ್ಪುರ್ ತನಕ 40 ದಿನ ಇದಕ್ಕೆಂದೇ ಇವೆ, ಸುಮಾರು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಬರುತ್ತವೆ. ಕೊನೆಯ ದಿನ ಉಪವಾಸ, ಬಿಳಿ ಬಟ್ಟೆ, ಚರ್ಮದ ಚಪ್ಪಲಿ ಇಲ್ಲ. ಸಂಜೆ 'ನೆಯಿಲಾ', ಬಾಗಿಲು ಮುಚ್ಚುವ ಹೊತ್ತಿನ ಪ್ರಾರ್ಥನೆ. ಶೋಫಾರ್, ಅಂದರೆ ಟಗರಿನ ಕೊಂಬು, ಒಂದು ಸಲ ಉದ್ದಕ್ಕೆ ಮೊಳಗುತ್ತದೆ. ಎಲ್ಲ ತೊಳೆದುಹೋಯಿತು. ಅದಾದ ಮೇಲೆ ಊಟಕ್ಕೆ ಹೋಗುವ ಮುಂಚೆ ಮಾಮೂಲಿ ರಾತ್ರಿಯ ಪ್ರಾರ್ಥನೆ ಇರುತ್ತದೆ. ಹಸಿದ ಹೊಟ್ಟೆಯಲ್ಲಿ ಬೇಗಬೇಗ ಹೇಳುತ್ತಾರೆ. ಅದರಲ್ಲೂ ಆ ಸಾಲು ಬರುತ್ತದೆ: 'ನಮ್ಮನ್ನು ಕ್ಷಮಿಸು, ತಪ್ಪು ಮಾಡಿದ್ದೇವೆ.'